ಹೊಸ ಬಣ್ಣ, ಹಳೆಯ ಸವೆತ

ಸಂಕ್ರಾಂತಿಯ ಮುನ್ನಾದಿನ ಭೋಗಿ. ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳಲ್ಲಿ ಅಂದು ನಸುಕಿಗೇ ಮನೆಗಳ ಮುಂದೆ ಬೆಂಕಿ ಏಳುತ್ತದೆ. ಹರಿದ ಚಾಪೆ, ಸವೆದ ಪೊರಕೆ, ಮುರಿದ ಮೊರ, ಹುಳ ಬಿದ್ದ ಹಲಗೆ, ಒಂದು ಕಾಲು ಕಳೆದುಕೊಂಡ ಸ್ಟೂಲು ಎಲ್ಲವೂ ಅದರ ಪಾಲು. ಹಳತು ಹೋಗಲಿ, ಹೊಸತು ಬರಲಿ ಎಂಬುದು ಹಬ್ಬದ ಲೆಕ್ಕಾಚಾರ. ಟೈರು, ಪ್ಲಾಸ್ಟಿಕ್ ಸುಡಬೇಡಿ ಎಂದು ತಮಿಳುನಾಡಿನ ಮಾಲಿನ್ಯ ನಿಯಂತ್ರಣ ಮಂಡಳಿ ಕೇಳಿಕೊಳ್ಳುತ್ತದೆ. ಸ್ಟೂಲಿನ ಪರವಾಗಿ ಕೇಳುವವರು ಯಾರೂ ಇಲ್ಲ. ಆರು ತಿಂಗಳು ಕಳೆದು ಆಡಿ ಮಾಸ ಬಂತೆಂದರೆ ಅಂಗಡಿಗಳ ಮುಂದೆ ‘ಆಡಿ ತಳ್ಳುಪಡಿ’ಯ ಫಲಕಗಳು. ರಿಯಾಯಿತಿಯ ಹೊಸ ಸೋಫಾ ಒಳಗೆ ಹೋಗಬೇಕಾದರೆ ಅಜ್ಜನ ಕಾಲದ ಬೆಂಚು ಹೊರಗೆ ಬರಲೇಬೇಕು.

ಬೆಂಕಿಗೆ ಬೀಳದೆ ಉಳಿದದ್ದು ಗುಜರಿಗೆ ಹೋಗುತ್ತದೆ. ಕೊಯಮತ್ತೂರಿನಲ್ಲಿ ಗುಜರಿ ಎಂದರೆ ಮೊದಲು ಬಾಯಿಗೆ ಬರುವ ಹೆಸರು ಉಕ್ಕಡಂ. ಹಳೆ ಕಬ್ಬಿಣ, ಗಾಡಿಯ ಬಿಡಿಭಾಗ, ಮೋಟಾರುಗಳ ರಾಶಿಯ ನಡುವೆ ಹುಡುಕಿದರೆ ಒಂದೊಂದು ಕುರ್ಚಿ, ಪೆಟ್ಟಿಗೆಯೂ ಕಣ್ಣಿಗೆ ಬೀಳುತ್ತದೆ. ಇಂಥವುಗಳ ಮೇಲೆ ಈಗ ಹೊಸ ಮಂದಿಯ ಕಣ್ಣು ಬಿದ್ದಿದೆ. ಬೆಂಗಳೂರಿನ ಕೆಫೆಗಳಿಂದ ಹಿಡಿದು ನೀಲಗಿರಿಯ ಹೋಂಸ್ಟೇಗಳ ತನಕ, ಬೂದಿ ಮಿಶ್ರಿತ ನೀಲಿಯೋ ಸುಣ್ಣದ ಬಿಳಿಯೋ ಬಳಿದು, ಅಂಚಿನಲ್ಲಿ ಬಣ್ಣ ಎದ್ದುಹೋದಂತೆ ಉಜ್ಜಿ, ಮೇಲೆ ಮೇಣ ತಿಕ್ಕಿದ ಮೇಜು, ಬೀರುಗಳನ್ನು ನೀವೂ ಕಂಡಿರಬಹುದು. ಡಿಸ್ಟ್ರೆಸ್ಡ್ ಫಿನಿಶ್ ಎಂದು ಇದರ ಹೆಸರು. ಹೊಸದಾಗಿ ಬಣ್ಣ ಹಚ್ಚಿ, ಅದು ಹಳತೆಂದು ಕಾಣುವಂತೆ ಕೈಯಾರೆ ಸವೆಸುವ ಕಲೆ.

ಊರಿನ ಬಡಗಿಗೆ ಇದನ್ನು ಹೇಳಿ ನೋಡಿ. ಅವನು ಮೂಗು ಮುರಿಯುತ್ತಾನೆ. ಅವನ ಶಾಸ್ತ್ರದಲ್ಲಿ ಒಳ್ಳೆಯ ಮರಕ್ಕೆ ಪಾಲಿಶ್, ಕೆಟ್ಟ ಮರಕ್ಕೆ ಬಣ್ಣ. ಗಂಟು, ಸೀಳು, ತೇಪೆಗಳನ್ನು ಪುಟ್ಟಿ ತುಂಬಿ ಮುಚ್ಚಬೇಕಾದಾಗ ಮಾತ್ರ ಎನಾಮೆಲ್ ಡಬ್ಬಿ ತೆರೆಯುವುದು. ಮನೆಯ ಹಿರಿಯರದು ಇನ್ನೊಂದು ತಕರಾರು: ಮುಕ್ಕಾದ ವಸ್ತು ಮನೆಯಲ್ಲಿರಬಾರದು ಎಂದು ನಾವು ಹೇಳುತ್ತ ಬಂದರೆ, ಇವರು ದುಡ್ಡು ಕೊಟ್ಟು ಮುಕ್ಕು ಮಾಡಿಸುತ್ತಾರಲ್ಲ! ಮನೆಗೆ ಬಂದ ಅತ್ತೆ ಹೀಗೆ ಸವೆಸಿದ ಬೀರುವನ್ನು ನೋಡಿ ಮರುಕಪಟ್ಟು, ಇದಕ್ಕೊಂದು ಕೋಟ್ ಬಣ್ಣ ಹೊಡೆಸಬಾರದೇ ಎಂದರೆ ಅದೇ ಈ ಕೆಲಸಕ್ಕೆ ಸಿಗಬಹುದಾದ ಅತಿ ದೊಡ್ಡ ಪ್ರಶಸ್ತಿ.

ಬಡಗಿಯ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಈ ಫ್ಯಾಷನ್ ಹುಟ್ಟಿದ ಕಡೆಯೂ ಅವನ ಶಾಸ್ತ್ರವೇ ನಡೆಯುತ್ತಿತ್ತು. ಹದಿನೆಂಟನೇ ಶತಮಾನದ ಕೊನೆಯಲ್ಲಿ ಸ್ವೀಡನ್ನಿನ ಮೂರನೇ ಗುಸ್ತಾವ್ ದೊರೆಯ ಕಾಲದ ಪೀಠೋಪಕರಣಗಳು ತಿಳಿಬೂದು, ಮಾಸಿದ ಬಿಳಿ, ಮಂಜಿನ ನೀಲಿಯಲ್ಲಿ ಇಂದಿಗೂ ಮಾದರಿ ಎನಿಸಿವೆ. ಆ ಬಣ್ಣದ ಕೆಳಗಿದ್ದದ್ದು ಹೆಚ್ಚಾಗಿ ಪೈನ್‌ನಂಥ ಅಗ್ಗದ ಮರ. ಮಹಾಗನಿ, ವಾಲ್ನಟ್ ಕೊಳ್ಳುವ ಶಕ್ತಿಯಿದ್ದವರು ಅದಕ್ಕೆ ಬಣ್ಣ ಬಳಿಯುತ್ತಿರಲಿಲ್ಲ, ಹೊಳಪು ಕೊಡುತ್ತಿದ್ದರು. ಹಳ್ಳಿಮನೆಗಳ ಪೈನ್ ಬೀರುಗಳು ತಲೆಮಾರುಗಳ ಕೈ ತಾಗಿ ಸವೆದವು. ಆ ಸವೆತ ಕೊನೆಗೆ ಶ್ರೀಮಂತರಿಗೇ ಇಷ್ಟವಾಯಿತು. 1989ರಲ್ಲಿ ರೇಚಲ್ ಆಶ್‌ವೆಲ್ ಎಂಬಾಕೆ ಕ್ಯಾಲಿಫೋರ್ನಿಯಾದ ಸಾಂತಾ ಮೋನಿಕಾದಲ್ಲಿ ‘ಶ್ಯಾಬಿ ಶಿಕ್’ ಹೆಸರಿನ ಅಂಗಡಿ ತೆರೆದರು. ಮರುವರ್ಷವೇ, 1990ರಲ್ಲಿ, ಇಂಗ್ಲೆಂಡಿನ ಆನಿ ಸ್ಲೋನ್ ‘ಚಾಕ್ ಪೇಂಟ್’ ಮಾರುಕಟ್ಟೆಗೆ ತಂದರು: ಹೆಚ್ಚು ಉಜ್ಜದೆಯೇ ಮರಕ್ಕೆ ಕಚ್ಚಿಕೊಳ್ಳುವ, ಸುಣ್ಣದ ಗೋಡೆಯಂತೆ ಹೊಳಪಿಲ್ಲದೆ ಒಣಗುವ, ಉಜ್ಜಿದರೆ ಹುಡಿಯಾಗಿ ಬಿಡುವ ಬಣ್ಣ. ಇಂದು ನಮ್ಮ ಕಡೆ ನಡೆಯುವ ಕೆಲಸದ ಬಹುಪಾಲು ಈ ಎರಡು ಹೆಸರುಗಳ ನೆರಳಿನಲ್ಲೇ ಇದೆ.

ಹಾಗೆಂದು ಬಣ್ಣದ ಮರ ನಮಗೆ ಪರದೇಶಿಯಲ್ಲ. ಧಾರವಾಡ ಜಿಲ್ಲೆಯ ಕಲಘಟಗಿಯ ತೊಟ್ಟಿಲು ಇದೆಯಲ್ಲ, ಮೈತುಂಬ ಪುರಾಣದ ಚಿತ್ರ ಹೊತ್ತು ಒಂದು ಮನೆಯಲ್ಲಿ ಮೂರು ನಾಲ್ಕು ತಲೆಮಾರಿನ ಕೂಸುಗಳನ್ನು ತೂಗಿದ್ದು. ಕೊಪ್ಪಳದ ಕಿನ್ನಾಳದವರು ಹಗುರ ಮರದ ಮೇಲೆ ಹುಣಸೆಬೀಜದ ಅಂಟು, ಸೆಣಬಿನ ಚೂರು, ಹೊಟ್ಟು ಸೇರಿಸಿದ ಲೇಪ ಕಟ್ಟಿ, ಅದರ ಮೇಲೆ ಬಣ್ಣ ಕೂರಿಸುತ್ತಾರೆ. ಚನ್ನಪಟ್ಟಣದಲ್ಲಿ ಆಲೆಮರದ ತುಂಡು ಚರಕಿಯಲ್ಲಿ ತಿರುಗುತ್ತಿರುವಾಗಲೇ ಬಣ್ಣದ ಅರಗು ಒತ್ತಿ, ತಾಳೆಗರಿಯಿಂದ ತಿಕ್ಕಿ ಹೊಳಪು ತರಿಸುತ್ತಾರೆ. ಕಿನ್ನಾಳ, ಚನ್ನಪಟ್ಟಣಗಳಲ್ಲಿ ಬಣ್ಣದ ಕೆಳಗಿರುವುದು ಸಾಧಾರಣ ಮರವೇ. ಬೀಟೆಯಲ್ಲಿ ಕೆಲಸ ಮಾಡಿದ ಮೈಸೂರಿನವರು ಬಣ್ಣ ಬಳಿಯಲಿಲ್ಲ. ಬೇರೆ ಬೇರೆ ವರ್ಣದ ಮರವನ್ನೂ ಹಿಂದೆ ದಂತವನ್ನೂ ಕೊರೆದು ಕೂರಿಸಿದರು.

ಈ ತಾರತಮ್ಯ ಕೊಯಮತ್ತೂರು ಸೀಮೆಯಲ್ಲಿ ಬೇರೆಲ್ಲಕ್ಕಿಂತ ಮುಖ್ಯ. ಏಕೆಂದರೆ ಅಲ್ಲಿಯ ಗುಜರಿಯಲ್ಲಿ ಏನು ಸಿಕ್ಕೀತು ಎಂದು ಹೇಳಲಾಗದು. ಪೊಳ್ಳಾಚಿಯ ಮೇಲೆ ಆನೈಮಲೆ ಬೆಟ್ಟ. ಅಲ್ಲಿ ಕಡಿದ ತೇಗದ ದಿಮ್ಮಿಗಳನ್ನು ಹಿಂದೆ ಯಾವ ಅಂಚಿನಿಂದ ಇಳಿಜಾರಿಗೆ ಜಾರಿಬಿಡುತ್ತಿದ್ದರೋ ಆ ಜಾಗಕ್ಕೆ ಟಾಪ್ ಸ್ಲಿಪ್ ಎಂಬ ಹೆಸರೇ ನಿಂತಿದೆ. ಹತ್ತೊಂಬತ್ತನೇ ಶತಮಾನದಲ್ಲಿ ಆ ತೇಗ ಬೊಂಬಾಯಿಯ ಹಡಗುಕಟ್ಟೆಗೆ ಹೋಗುತ್ತಿತ್ತು, ಆಮೇಲೆ ರೈಲುಹಳಿಯ ಸ್ಲೀಪರುಗಳಾಯಿತು. ಬೋಳಾದ ಬೆಟ್ಟದಲ್ಲಿ ತೇಗವನ್ನು ಮತ್ತೆ ಬೆಳೆಸಿದ ಅರಣ್ಯಾಧಿಕಾರಿ ಹ್ಯೂಗೋ ವುಡ್. 1933ರಲ್ಲಿ ತೀರಿಕೊಂಡ ಆತನ ಸಮಾಧಿ ಟಾಪ್ ಸ್ಲಿಪ್ಪಿನಲ್ಲಿ ಅದೇ ತೇಗಗಳ ನಡುವೆ ಇದೆ. ವಾಲ್ಪಾರೈಯ ಚಹಾ ತೋಟಗಳ ಬಂಗಲೆಗಳು, ಊಟಿ ಕೂನೂರುಗಳ ಮನೆಗಳು, 1888ರಲ್ಲಿ ಸ್ಟೇನ್ಸ್ ಗಿರಣಿ ಶುರುವಾದ ಮೇಲೆ ಒಂದೊಂದಾಗಿ ಎದ್ದ ನೂಲಿನ ಗಿರಣಿಗಳ ಕಚೇರಿಗಳು, ಗಿರಣಿ ಮಾಲೀಕರ ಮಹಲುಗಳು ಎಲ್ಲ ತುಂಬಿಕೊಂಡದ್ದು ಇಂಥ ಮರದಿಂದ. ಪೂರ್ವಕ್ಕೆ ಹೋದರೆ ಕಾರೈಕುಡಿ. ಚೆಟ್ಟಿಯಾರರ ಅರಮನೆಯಂಥ ಮನೆಗಳು ಒಡೆದಂತೆಲ್ಲ ಬರ್ಮಾ ತೇಗದ ಕಂಬ, ಬಾಗಿಲು, ಪೆಟ್ಟಿಗೆಗಳು ಅಲ್ಲಿಯ ಮುನೀಶ್ವರನ್ ಕೋವಿಲ್ ಬೀದಿಯ ಹಳೆ ಸಾಮಾನಿನ ಅಂಗಡಿಗಳಿಗೆ ಬಂದು, ಅಲ್ಲಿಂದ ದಕ್ಷಿಣ ಭಾರತಕ್ಕೆಲ್ಲ ಹರಡಿಕೊಂಡಿವೆ.

ನಮಗೆ ಕೊಯಮತ್ತೂರು ದೂರದ ಸೀಮೆಯೇನಲ್ಲ. 1956ರ ನವೆಂಬರಿನವರೆಗೆ ಕೊಳ್ಳೇಗಾಲ ಕೊಯಮತ್ತೂರು ಜಿಲ್ಲೆಯದೇ ತಾಲ್ಲೂಕಾಗಿತ್ತು. ಕೊಯಮತ್ತೂರು ಪೇಟೆಯ ದೇವಾಂಗರ ಮನೆಗಳಲ್ಲಿ ಇಂದಿಗೂ ಒಳಗಿನ ಮಾತು ಕನ್ನಡ. ಹೊರಗೆ ಬಂದರೆ ತಮಿಳು. ನೇಯ್ಗೆಯವರ ಅಟ್ಟಗಳಲ್ಲಿ ಕೈಮಗ್ಗದ ತುಂಡುಗಳು, ಲಾಳಿ, ನೂಲು ಸುತ್ತುವ ರಾಟೆ ಉಳಿದಿರುವುದುಂಟು. ಅಂಥದೇನಾದರೂ ಸಿಕ್ಕರೆ ಬಣ್ಣದ ಡಬ್ಬಿಯನ್ನು ದೂರ ಇಡಿ. ಲಾಳಿಯ ಹೊಟ್ಟೆ ನುಣ್ಣಗಾಗಿರುವುದು ನೂಲಿನಿಂದ, ಬೆರಳಿನಿಂದ; ಆ ಸವೆತವನ್ನು ಯಾವ ಮರಳು ಕಾಗದವೂ ಕೊಡಲಾರದು. ಒರೆಸಿ ಒಂದು ಕೈ ಮೇಣ ತಿಕ್ಕಿದರೆ ಮುಗಿಯಿತು.

ಹಾಗಾಗಿ ಮೊದಲ ಕೆಲಸ ಮರದ ಪರಿಚಯ. ತೇಗ ಮುಟ್ಟಿದರೆ ತುಸು ಎಣ್ಣೆ ಹಚ್ಚಿದ ಹಾಗೆ, ಕೆರೆದರೆ ಚರ್ಮದಂಥ ವಾಸನೆ. ಬೀಟೆ ಭಾರ, ನೇರಳೆ ಕಲೆತ ಕಂದು, ಕಪ್ಪು ಗೆರೆಗಳು. ಹಲಸು ಹೊಸತರಲ್ಲಿ ಅರಿಶಿನ, ವರ್ಷ ಕಳೆದಂತೆ ಜೇನಿನ ಬಣ್ಣ. ಬೇವು ಕೆಂಪುಕಂದು. ಮೇಲೆ ಎಷ್ಟು ಪದರ ಎನಾಮೆಲ್ ಇದ್ದರೂ ಕುರ್ಚಿಯನ್ನು ಬೋರಲು ಹಾಕಿದರೆ, ಡ್ರಾವರನ್ನು ಹೊರಗೆಳೆದು ಅದರ ತಳ ನೋಡಿದರೆ ಬಣ್ಣ ಕಾಣದ ಮರ ನಿಜ ಹೇಳುತ್ತದೆ. ಕಣ್ಣು ಪಳಗಿಸಿಕೊಳ್ಳಬೇಕೆನ್ನುವವರು ಕೊಯಮತ್ತೂರಿನ ಗ್ಯಾಸ್ ಅರಣ್ಯ ವಸ್ತುಸಂಗ್ರಹಾಲಯಕ್ಕೆ ಹೋಗಬೇಕು. ಅರಣ್ಯಾಧಿಕಾರಿ ಎಚ್. ಎ. ಗ್ಯಾಸ್ ಹೆಸರಿನಲ್ಲಿ 1902ರಿಂದ ಇರುವ ಆ ಸಂಗ್ರಹಾಲಯದಲ್ಲಿ ದಕ್ಷಿಣದ ಮರಗಳ ತುಂಡುಗಳನ್ನು ಒಟ್ಟಿಗೆ ನೋಡಬಹುದು. ಪೀಠೋಪಕರಣದ ಅಂಗಡಿಯವನ ಮಾತು ಕೇಳುವುದಕ್ಕಿಂತ ಅಲ್ಲಿ ಕಳೆದ ಒಂದು ಬೆಳಗ್ಗೆ ಮೇಲು.

ತೇಗ ಸಿಕ್ಕಿದರೆ ನನ್ನ ತೀರ್ಪು ಒಂದೇ: ಬಣ್ಣ ಬೇಡ. ಹಳೆಯ ಪಾಲಿಶ್ ತೆಗೆದು ಅರಗಿನ ಪಾಲಿಶೋ ಮೇಣವೋ ಕೊಡಿ. ಬೀಟೆಯ ವಿಷಯದಲ್ಲಂತೂ ಚರ್ಚೆಯೇ ಇಲ್ಲ. 2017ರಿಂದ ಬೀಟೆ ಸೇರಿದ ಡಾಲ್ಬರ್ಜಿಯಾ ಕುಲವಿಡೀ ವನ್ಯಜೀವಿ, ಸಸ್ಯಗಳ ವ್ಯಾಪಾರದ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ನಿಯಂತ್ರಣ ಪಟ್ಟಿಯಲ್ಲಿದೆ. ಹಳೆಯ ಬೀಟೆ ಮಂಚವೊಂದಕ್ಕೆ ಬಿಳಿ ಬಳಿದು ಅಂಚು ಉಜ್ಜುವುದು ದಡ್ಡತನ. ತೇಗ, ಬೀಟೆ ಎರಡೂ ಬಣ್ಣಕ್ಕೆ ಸುಲಭವಾಗಿ ಒಗ್ಗುವುದೂ ಇಲ್ಲ. ತೇಗದ ಎಣ್ಣೆ ಬಣ್ಣವನ್ನು ಕಚ್ಚಿಕೊಳ್ಳಗೊಡದು. ಬೀಟೆಯ ವರ್ಣ ಬಿಳಿಯ ಪದರವನ್ನು ಸೀಳಿಕೊಂಡು ಕೆಂಪಗೆ ಮೇಲೆ ಬರುತ್ತದೆ.

ಬಣ್ಣಕ್ಕೆ ಸರಿಯಾದವು ಬೇರೆ ಇವೆ. ಮಾವು, ಬೇವು, ರಬ್ಬರ್ ಮರದ ಸಾಮಾನು. ಎಂದೋ ಹಸಿರು ಎನಾಮೆಲ್ ಕಂಡ ಶಾಲೆಯ ಬೆಂಚು. ಒಂದೊಂದು ಕಾಲು ಒಂದೊಂದು ಜಾತಿಯ ಮರದ್ದಾಗಿ ಹೇಗೋ ನಿಂತಿರುವ ಸ್ಟೂಲು. ಇನ್ನೊಂದು ತಿರುಪ್ಪೂರಿನದೇ ಕೊಡುಗೆ. 2009ರಲ್ಲಿ ಪ್ರತ್ಯೇಕ ಜಿಲ್ಲೆಯಾದ ತಿರುಪ್ಪೂರು ಬನಿಯನ್ನಿನ ಊರು. ಅಲ್ಲಿಯ ಕಾರ್ಖಾನೆಗಳಿಗೆ ಹೆಣಿಗೆ ಯಂತ್ರಗಳು ಹೊರದೇಶದಿಂದ ಮರದ ಪೆಟ್ಟಿಗೆಗಳಲ್ಲಿ ಬರುತ್ತವೆ. ಯಂತ್ರ ಒಳಗೆ ಹೋದ ಮೇಲೆ ಪೈನ್ ಹಲಗೆ ಹೊರಗೆ ಉಳಿಯುತ್ತದೆ. ‘ಪ್ಯಾಕಿಂಗ್ ಮರ’ ಎಂದು ಕರೆಸಿಕೊಂಡು ಅಗ್ಗಕ್ಕೆ ಮಾರಾಟವಾಗುತ್ತದೆ. ಸ್ವೀಡನ್ನಿನ ಬಣ್ಣದ ಬೀರುವಿನ ಮೂಲ ಮರದ ಬಂಧುವೇ ಅದು. ಕೊಳ್ಳುವಾಗ ಹಲಗೆಯ ಮೇಲಿನ ಮುದ್ರೆ ಓದಿ. ಗೋಧಿ ತೆನೆಯ ಗುರುತಿನ ಜೊತೆ ಎಚ್‌ಟಿ ಎಂದಿದ್ದರೆ ಕಾಯಿಸಿ ಹುಳ ಕೊಂದ ಮರ. ಎಂಬಿ ಎಂದಿದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷಾನಿಲ ಹಾಯಿಸಿದ್ದು. ಅದನ್ನು ಮನೆಯೊಳಕ್ಕೆ ತರದಿರುವುದೇ ಒಳ್ಳೆಯದು.

ಹುಳದ ಮಾತು ಬಂತು. ಕುರ್ಚಿಯ ಕೆಳಗೆ ಹಿಟ್ಟಿನಂಥ ಪುಡಿ ಬಿದ್ದಿದ್ದರೆ ಮರದೊಳಗೆ ಕೊರಕ ಹುಳು ಇನ್ನೂ ಊಟ ಮಾಡುತ್ತಿದೆ ಎಂದರ್ಥ. ಹಳೆಯ ರಂಧ್ರ ಕಪ್ಪಗಿರುತ್ತದೆ, ಹೊಸದು ಬೆಳ್ಳಗೆ. ಕೊರಕ ಇಷ್ಟಪಡುವುದು ಪಿಷ್ಟ ತುಂಬಿದ ಹೊರಮರವನ್ನು. ಅದಕ್ಕೇ ರಬ್ಬರ್, ಮಾವು ಬೇಗ ಬಲಿಯಾಗುತ್ತವೆ, ತೇಗದ ತಿರುಳು ಬದುಕಿಕೊಳ್ಳುತ್ತದೆ. ಬೋರಾಕ್ಸ್, ಬೋರಿಕ್ ಆಮ್ಲವನ್ನು ಬಿಸಿನೀರಲ್ಲಿ ಕರಗಿಸಿ ಬರಿಮರಕ್ಕೆ ಕುಡಿಸಿ ಒಣಗಿಸುವುದು ಹಳೆಯ ಉಪಾಯ, ಈಗಲೂ ನಡೆಯುತ್ತದೆ. ಕೀಲುಗಳು ಅಲ್ಲಾಡುತ್ತಿದ್ದರೆ ಮೊಳೆ ಹೊಡೆಯಬೇಡಿ. ಫೆವಿಕಾಲ್ ಬರುವ ಮೊದಲಿನ ಸಾಮಾನು ಸರೇಸಿನಲ್ಲಿ ಅಂಟಿಸಿದ್ದು. ಬಿಸಿನೀರಿನ ಬಟ್ಟೆ ಸುತ್ತಿದರೆ ಸರೇಸು ಮೆತ್ತಗಾಗಿ ಕೀಲು ಬಿಟ್ಟುಕೊಡುತ್ತದೆ. ಕೆರೆದು ಸ್ವಚ್ಛ ಮಾಡಿ ಮತ್ತೆ ಅಂಟಿಸಬಹುದು. ಒಂದು ತಲೆಮಾರಿನ ಬಡಗಿ ಮುಂದಿನವನಿಗೆ ಬಿಟ್ಟ ಅನುಕೂಲ ಅದು.

ಇನ್ನು ಸೀಸ. ಈ ಕೆಲಸದ ಬಗ್ಗೆ ಬರುವ ಚೆಂದದ ವೀಡಿಯೊಗಳಲ್ಲಿ ಇದರ ಸುದ್ದಿ ಕಡಿಮೆ. ಅದಕ್ಕೇ ಇಲ್ಲಿ ತುಸು ನಿಲ್ಲುತ್ತೇನೆ. ಭಾರತದಲ್ಲಿ ಮನೆಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದು ಎಂಬ ನಿಯಮ ಬಂದದ್ದು 2016ರಲ್ಲಿ, ಜಾರಿಯಾದದ್ದು 2017ರ ನವೆಂಬರ್ 1ರಿಂದ. ಅದಕ್ಕೂ ಹಿಂದಿನ ಎನಾಮೆಲ್‌ಗಳಲ್ಲಿ, ಅದರಲ್ಲೂ ಹೊಳೆಯುವ ಹಳದಿ, ಕಿತ್ತಳೆ, ಕೆಂಪಿನಲ್ಲಿ, ಸೀಸ ಧಾರಾಳವಾಗಿರುತ್ತಿತ್ತು. ಬಣ್ಣ ಮರದ ಮೇಲೆ ಸುಮ್ಮನೆ ಕೂತಿರುವವರೆಗೆ ಅಪಾಯ ಕಡಿಮೆ. ಒಣ ಮರಳು ಕಾಗದ ತಾಗಿತೋ, ಅದು ಹಿಟ್ಟಿನಷ್ಟು ನುಣ್ಣಗೆ ಗಾಳಿಗೇರಿ, ನೆಲಕ್ಕಿಳಿದು, ಅಂಬೆಗಾಲಿಡುವ ಮಗುವಿನ ಕೈಗೆ, ಕೈಯಿಂದ ಬಾಯಿಗೆ ಹೋಗುತ್ತದೆ. ಮಕ್ಕಳ ಮಿದುಳಿನ ಬೆಳವಣಿಗೆಗೆ ಸೀಸ ಕುತ್ತು. ಅದರ ಸುರಕ್ಷಿತ ಪ್ರಮಾಣ ಇಷ್ಟು ಎಂದು ಗುರುತಿಸಲು ಆಗಿಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಜೀವರಸಾಯನ ವಿಜ್ಞಾನದ ಪ್ರಾಧ್ಯಾಪಕರಾಗಿದ್ದ ಡಾ. ತುಪ್ಪಿಲ್ ವೆಂಕಟೇಶ್ ದಶಕಗಳಿಂದ ಹೇಳುತ್ತ ಬಂದಿರುವುದೂ ಇದನ್ನೇ.

ಬೇರೆಲ್ಲ ಬಣ್ಣದ ಕೆಲಸಕ್ಕಿಂತ ಡಿಸ್ಟ್ರೆಸ್ಡ್ ಫಿನಿಶ್ ಇಲ್ಲಿ ಹೆಚ್ಚು ಅಪಾಯಕಾರಿ. ಹೊಸ ಪದರವನ್ನು ಉಜ್ಜಿ ಹಳೆಯದನ್ನು ತೋರಿಸುವುದೇ ಅದರ ಸೊಗಸು. ಆ ಹಳೆಯದೇ ವಿಷವಾಗಿದ್ದರೆ? ಆದ್ದರಿಂದ 2017ಕ್ಕಿಂತ ಹಿಂದೆ ಬಣ್ಣ ಕಂಡ ಸಾಮಾನಿನಲ್ಲಿ ಸೀಸ ಇದೆಯೆಂದೇ ನಂಬಿ ಹೊರಡಿ. ಒಣಗಿದ್ದಾಗ ಉಜ್ಜಬೇಡಿ, ಬ್ಲೋ ಲ್ಯಾಂಪಿನಿಂದ ಸುಡಬೇಡಿ. ಹಳೆಯ ಪದರ ಗಟ್ಟಿಯಾಗಿದ್ದರೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಮೇಲೆ ಬಣ್ಣ ಹಚ್ಚಿ ಅಲ್ಲಿಗೇ ಬಿಡಿ. ಸವೆತದ ಆಸೆ ಬೇಡ. ಪದರ ಏಳುತ್ತಿದ್ದರೆ ಆ ಸಾಮಾನನ್ನು ಕೊಳ್ಳದೆ ಮುಂದೆ ಹೋಗಿ. ಬಣ್ಣವೇ ಕಾಣದ ಬರಿಮರ ಸಿಕ್ಕರೂ ಮೂಗಿಗೆ ಮಾಸ್ಕ್ ಇರಲಿ: ಮರದ ಹುಡಿಯನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿನಲ್ಲೇ ಇಟ್ಟಿದೆ. ಹೊಸದನ್ನು ಹಳತು ಮಾಡುವ ಚಟದ ಬೆಲೆಯನ್ನು ಜೀನ್ಸ್ ಲೋಕ ಈಗಾಗಲೇ ತೆತ್ತಿದೆ. ಜೀನ್ಸ್ ಮಾಸಿದಂತೆ ಕಾಣಲೆಂದು ಮರಳು ಸಿಡಿಸುತ್ತಿದ್ದ ಕಾರ್ಮಿಕರ ಶ್ವಾಸಕೋಶದಲ್ಲಿ ಸಿಲಿಕೋಸಿಸ್ ಕಾಣಿಸಿಕೊಂಡು, 2009ರಲ್ಲಿ ಟರ್ಕಿ ಆ ವಿಧಾನವನ್ನೇ ನಿಷೇಧಿಸಿತು.

ಈಗ ಕೆಲಸಕ್ಕೆ ಇಳಿಯೋಣ. ನಮ್ಮ ಮನೆಗಳ ಮರದ ಸಾಮಾನಿನ ಮೇಲೆ ಯಾವ ವಿದೇಶಿ ಕೈಪಿಡಿಯೂ ಊಹಿಸದ ಕೊಳೆ ಇರುತ್ತದೆ: ದೀಪದ ಎಣ್ಣೆ, ಒಗ್ಗರಣೆಯ ಹೊಗೆ, ತಲೆಗೆಣ್ಣೆ ಹಚ್ಚಿ ಒರಗಿದ ಕುರ್ಚಿಯ ಬೆನ್ನು, ಪೆಟ್ಟಿಗೆಯ ಮುಚ್ಚಳದ ಮೇಲೆ ಅರಿಶಿನ ಕುಂಕುಮ. ಇದು ಹೋಗದೆ ಬಣ್ಣ ನಿಲ್ಲದು. ಸೋಪಿನ ನೀರಿನಲ್ಲಿ ತೊಳೆದು, ಒಣಗಿದ ಮೇಲೆ ಸ್ಪಿರಿಟ್ಟಿನಿಂದ ಒರೆಸಬೇಕು. ಹಳೆಯ ಪಾಲಿಶಿನ ಹೊಳಪು ಮುರಿಯುವಷ್ಟು 150ನೇ ನಂಬರಿನ ಕಾಗದ ಆಡಿಸಬೇಕು. ಪೈನ್ ಗಂಟಿನ ರಾಳ, ಬೇವು ಹಲಸುಗಳ ಬಣ್ಣ ಮೇಲೆ ಬಾರದಿರಲು ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗಿನ ಎರಡು ತೆಳು ಕೋಟು ಹಾಕಬೇಕು. ನಮ್ಮ ಪಾಲಿಶಿನವರು ತಲೆಮಾರುಗಳಿಂದ ಬಳಸುವ ಅರಗೇ ಇಲ್ಲಿ ಅಡಿಗಟ್ಟು.

ಚಾಕ್ ಪೇಂಟ್ ಡಬ್ಬಿ ಆಮದಾದರೆ ದುಬಾರಿ. ಮನೆಯಲ್ಲೇ ಕಲಸಿಕೊಳ್ಳಬಹುದು. ಸೀಮೆಸುಣ್ಣದ ಪುಡಿ ಒಂದು ಪಾಲನ್ನು ಒಂದು ಪಾಲು ನೀರಿನಲ್ಲಿ ಗಂಟಿಲ್ಲದಂತೆ ಕದಡಿ, ಹೊಳಪಿಲ್ಲದ ಎಮಲ್ಶನ್ ಮೂರು ಪಾಲಿಗೆ ಸೇರಿಸಿದರಾಯಿತು. ಪುಡಿಯ ಬದಲು ಪ್ಲಾಸ್ಟರ್ ಆಫ್ ಪ್ಯಾರಿಸ್ ಹಾಕುವವರೂ ಇದ್ದಾರೆ; ಅದು ಡಬ್ಬಿಯಲ್ಲೇ ಗಟ್ಟಿಯಾಗುತ್ತದೆ, ಅಂದಂದಿಗೆ ಬೇಕಾದಷ್ಟೇ ಕಲಸಬೇಕು. ಬಣ್ಣದ ಆಯ್ಕೆಯಲ್ಲಿ ನನಗೊಂದು ಹಠವಿದೆ. ಫ್ರಾನ್ಸಿನ ಹಳ್ಳಿಯ ಲ್ಯಾವೆಂಡರ್ ಇಲ್ಲಿ ಯಾಕೆ? ನೀಲಿ ಬೆರೆಸಿದ ಸುಣ್ಣದ ಗೋಡೆ, ಕಾವಿಯ ಕೆಂಪು, ಹಳೆ ಬಾಗಿಲುಗಳ ಎಲೆಹಸಿರು ನಮ್ಮ ಬಿಸಿಲಿನಲ್ಲಿ ಮಾಸಿ ಮಾಸಿ ಎಷ್ಟು ಚೆಂದವಾಗುತ್ತವೆ ಎಂದು ಯಾವ ಹಳ್ಳಿಯ ಬೀದಿಯಲ್ಲಿ ನಡೆದರೂ ಕಾಣುತ್ತದೆ.

ಮೊದಲು ಗಾಢ ಬಣ್ಣ. ಅದು ಒಣಗಿದ ಮೇಲೆ ಸವೆತ ಕಾಣಬೇಕಾದ ಕಡೆಗಳಲ್ಲಷ್ಟೇ ಮೇಣದಬತ್ತಿಯ ತುಂಡನ್ನು ಉಜ್ಜಿ, ಮೇಲೆ ತಿಳಿ ಬಣ್ಣ ಹಚ್ಚಬೇಕು. ಮೇಣ ತಾಗಿದಲ್ಲಿ ಮೇಲಿನ ಪದರ ಹಿಡಿಯುವುದಿಲ್ಲ; 220ನೇ ನಂಬರಿನ ಕಾಗದವನ್ನು ಮೆಲ್ಲಗೆ ಆಡಿಸಿದರೆ, ಇಲ್ಲವೇ ಒದ್ದೆ ಬಟ್ಟೆಯಿಂದ ತಿಕ್ಕಿದರೆ ಸಾಕು, ಎದ್ದು ಬರುತ್ತದೆ. ಒದ್ದೆ ಬಟ್ಟೆಯ ವಿಧಾನವೇ ನನಗೆ ಮೆಚ್ಚು. ಹುಡಿ ಏಳದು, ಸವೆತದ ಅಂಚೂ ಮೃದು.

ಎಲ್ಲಿ ಸವೆಸಬೇಕು ಎಂಬುದರಲ್ಲೇ ಜಾಣತನ ಇರುವುದು. ಇಡೀ ಮೈ ಗೀಚಿದರೆ ಅದು ಹಳತಾಗಿ ಕಾಣದು, ಬೆಕ್ಕು ಪರಚಿದಂತೆ ಕಾಣುತ್ತದೆ. ವಿದೇಶಿ ಮಾದರಿಗಳಲ್ಲಿ ಕುರ್ಚಿಯ ಅಡ್ಡಪಟ್ಟಿ ಸವೆದಿರುತ್ತದೆ, ಬೂಟುಗಾಲು ಅಲ್ಲಿರುವುದರಿಂದ. ನಾವು ಚಕ್ಕಳಮಕ್ಕಳ ಹಾಕಿ ಕುರ್ಚಿಯಲ್ಲೇ ಕೂರುವವರು. ನಮ್ಮಲ್ಲಿ ಸವೆಯುವುದು ಆಸನದ ಮುಂದಂಚು ಮತ್ತು ಎರಡು ಪಕ್ಕ. ನೆಲ ಒರೆಸುವ ಒದ್ದೆ ಬಟ್ಟೆ ದಿನಾ ತಾಗುವುದರಿಂದ ಕಾಲಿನ ತುದಿಯ ಎರಡು ಅಂಗುಲದಲ್ಲಿ ಬಣ್ಣ ಮೊದಲು ಹೋಗುತ್ತದೆ. ಪೆಟ್ಟಿಗೆಯಲ್ಲಿ ಬೀಗದ ಕೈ ಗೊಂಚಲು ಬಡಿಯುವ ಜಾಗ, ಮುಚ್ಚಳ ಎತ್ತುವ ನಡುಭಾಗ. ಉಯ್ಯಾಲೆಯಲ್ಲಿ ಸರಪಳಿಯ ಕೊಂಡಿಯ ಸುತ್ತ. ಬೀರುವಿನಲ್ಲಿ ಹಿಡಿಕೆಯ ಕೆಳಗೆ, ಬೆರಳಿನ ಉಗುರು ಗೀರುವಲ್ಲಿ. ಹಳೆಯ ಮನೆಯೊಂದರಲ್ಲಿ ಅರ್ಧ ಗಂಟೆ ಕೂತು ಸುತ್ತ ನೋಡಿದವರಿಗೆ ಇದನ್ನು ಬೇರೆ ಕಲಿಸಬೇಕಿಲ್ಲ.

ಈ ಕೆಲಸಕ್ಕೆ ಬೇಡದ ಕಾಲವೂ ಒಂದಿದೆ. ಆಡಿಯ ಗಾಳಿಗೆ ಅಮ್ಮಿಕಲ್ಲೂ ಹಾರುತ್ತದೆ ಎಂಬುದು ತಮಿಳಿನ ಗಾದೆ. ಪಾಲ್ಘಾಟ್ ಕಣಿವೆಯ ಬಾಯಿಂದ ನುಗ್ಗುವ ಆ ಗಾಳಿಯನ್ನು ನಂಬಿಯೇ ಉಡುಮಲಪೇಟೆ, ಪಲ್ಲಡಂ ಸುತ್ತ ಗಾಳಿಯಂತ್ರಗಳು ನಿಂತಿವೆ. ಆಗ ಅಂಗಳದಲ್ಲಿ ಬಣ್ಣ ಹಚ್ಚಿದರೆ ಮರಳು ಕಾಗದವೇ ಬೇಡ, ಧೂಳು ತಾನಾಗಿ ಬಂದು ಕೂರುತ್ತದೆ.

ಕೊನೆಗೆ ಮೇಣ. ಕೊಯಮತ್ತೂರಿನವರ ಭಾಗ್ಯ, ಒಳ್ಳೆಯ ಜೇನುಮೇಣ ಬೆಟ್ಟದ ಮೇಲೇ ಇದೆ. ನೀಲಗಿರಿಯ ಕುರುಂಬರು, ಇರುಳರು ಬಂಡೆಯ ಹೆಜ್ಜೇನು ಇಳಿಸುವವರು. ಜೇನು ಹಿಂಡಿದ ಮೇಲೆ ಉಳಿಯುವ ಹುಟ್ಟೇ ಮೇಣ. 1993ರಲ್ಲಿ ಆರಂಭವಾಗಿ ಕೋಟಗಿರಿಯಲ್ಲಿ ನೆಲೆಸಿದ ಕೀಸ್ಟೋನ್ ಫೌಂಡೇಶನ್ ಈ ಸಮುದಾಯಗಳ ಜೊತೆ ಜೇನು, ಮೇಣಗಳ ಕೆಲಸ ಮಾಡುತ್ತ ಬಂದಿದೆ. ಒಂದು ಪಾಲು ಮೇಣಕ್ಕೆ ಮೂರು ಪಾಲು ಟರ್ಪೆಂಟೈನ್ ಸಾಮಾನ್ಯ ಅಳತೆ. ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಮೇಣ ಕರಗಿಸಿ, ಒಲೆ ಆರಿಸಿ, ಪಾತ್ರೆಯನ್ನು ಹೊರಗೆ ತಂದ ಮೇಲೆಯೇ ಟರ್ಪೆಂಟೈನ್ ಸುರಿಯಬೇಕು. ಅದರ ಆವಿಗೆ ಕಿಡಿ ತಗುಲಿ ಹೊತ್ತಿಕೊಳ್ಳಲು ಸುಮಾರು 35 ಡಿಗ್ರಿ ಶಾಖ ಸಾಕು. ಏಪ್ರಿಲ್ ಮಧ್ಯಾಹ್ನ ಕೊಯಮತ್ತೂರಿನ ಗಾಳಿಯೇ ಅಷ್ಟು ಬಿಸಿಯಾಗಿರುತ್ತದೆ. ಬರೀ ಜೇನುಮೇಣ ಕರಗುವುದು 62ರಿಂದ 64 ಡಿಗ್ರಿಯಲ್ಲಿ. ಅದು ನಮ್ಮ ಬೇಸಿಗೆಗೆ ಮೆತ್ತಗೆ, ಧೂಳು ಹಿಡಿಯುತ್ತದೆ. ಬ್ರೆಜಿಲಿನ ತಾಳೆ ಜಾತಿಯ ಮರದಿಂದ ಬರುವ ಕಾರ್ನೂಬಾ ಮೇಣ 80 ಡಿಗ್ರಿ ದಾಟಿದ ಮೇಲೆಯೇ ಕರಗುವಂಥದ್ದು. ಸ್ವಲ್ಪ ಬೆರೆಸಿದರೆ ಪದರ ಗಟ್ಟಿಯಾಗುತ್ತದೆ.

ಹಚ್ಚುವ ಬಟ್ಟೆ ತಿರುಪ್ಪೂರಿನದು. ಬನಿಯನ್ ಕಾರ್ಖಾನೆಗಳ ಕತ್ತರಿಕೆಯಿಂದ ಬೀಳುವ ಚೂರುಗಳು ‘ಬನಿಯನ್ ವೇಸ್ಟ್’ ಎಂಬ ಹೆಸರಿನಲ್ಲಿ ಗ್ಯಾರೇಜು, ಬಣ್ಣದಂಗಡಿಗಳಿಗೆಲ್ಲ ಕಿಲೋ ಲೆಕ್ಕದಲ್ಲಿ ಹೋಗುತ್ತವೆ. ಮೆತ್ತಗೆ, ನೀರು ಹೀರುವಂಥದ್ದು, ಎಳೆ ಬಿಡುವುದು ಕಡಿಮೆ. ಮೇಣ ತಿಕ್ಕಲು ಇದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ಮೊದಲು ಬಣ್ಣವಿಲ್ಲದ ಮೇಣ, ತೆಳ್ಳಗೆ. ಕಾಲು ಗಂಟೆ ಬಿಟ್ಟು ಶುದ್ಧ ಚೂರಿನಿಂದ ಉಜ್ಜಿ ಹೊಳಪು ತರಿಸಿ. ಮಾರನೆ ದಿನ ಇನ್ನೊಮ್ಮೆ. ಕೆತ್ತನೆಯ ಸಂದಿಗಳಲ್ಲಿ ವಯಸ್ಸು ಕಾಣಬೇಕೆಂದರೆ ಕಂದು ಮೇಣ, ಅದೂ ಬಣ್ಣವಿಲ್ಲದ ಮೇಣ ಹಚ್ಚಿದ ನಂತರವೇ. ನೇರವಾಗಿ ಕಂದು ಹಚ್ಚಿದರೆ ಚಾಕ್ ಪೇಂಟ್ ಅದನ್ನು ಕುಡಿದು ಕಲೆಯಾಗಿಬಿಡುತ್ತದೆ. ಪೂರ್ತಿ ಗಟ್ಟಿಯಾಗಲು ಮೂರು ನಾಲ್ಕು ವಾರ ಬೇಕು.

ಮೇಣದ ಮಿತಿಯನ್ನು ಮುಚ್ಚಿಡಬಾರದು. ಬಿಸಿ ಡಬರದ ತಳ ತಾಗಿದರೆ ಉಂಗುರ ಮೂಡುತ್ತದೆ. ದಿನಕ್ಕೆ ಮೂರು ಸಲ ಫಿಲ್ಟರ್ ಕಾಫಿ ಕುಡಿಯುವ ಮನೆಯಲ್ಲಿ ಟೀಪಾಯಿಗೆ ಈ ಫಿನಿಶ್ ಸಲ್ಲದು. ಊಟದ ಮೇಜು, ಬಚ್ಚಲ ಪಕ್ಕದ ಕಪಾಟು, ಮಳೆ ತಾಗುವ ಜಗಲಿಯ ಬೆಂಚಿಗೂ ಬೇಡ. ಪುಸ್ತಕದ ಕಪಾಟು, ಹಾಸಿಗೆ ಪೆಟ್ಟಿಗೆ, ಕನ್ನಡಿಯ ಚೌಕಟ್ಟು, ಮೂಲೆಯ ಸ್ಟೂಲು ಇಂಥವಕ್ಕೆ ಸರಿ. ವರ್ಷಕ್ಕೊಮ್ಮೆ ಮತ್ತೆ ಮೇಣ ಕಾಣಿಸಬೇಕು. ಮುಂದೆಂದಾದರೂ ಬಣ್ಣ ಬದಲಿಸುವ ಮನಸ್ಸಾದರೆ ಮೇಣವನ್ನೆಲ್ಲ ಟರ್ಪೆಂಟೈನಿನಿಂದ ಒರೆಸಿ ತೆಗೆದಲ್ಲದೆ ಮೇಲೆ ಏನೂ ಹಿಡಿಯದು.

ಬ್ರಷ್ ತೊಳೆದ ನೀರು ಚರಂಡಿಗೆ ಹೋಗದಿರಲಿ. ವೆಳ್ಳಿಯಂಗಿರಿ ಬೆಟ್ಟದಲ್ಲಿ ಹುಟ್ಟಿ ಕೊಯಮತ್ತೂರು, ತಿರುಪ್ಪೂರುಗಳನ್ನು ಹಾದು ಕಾವೇರಿ ಸೇರುವ ನೊಯ್ಯಲ್ ನದಿಗೆ ಬಣ್ಣದ ನೀರೆಂದರೆ ಏನೆಂದು ಚೆನ್ನಾಗಿ ಗೊತ್ತು. 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ತಿರುಪ್ಪೂರಿನ ಬಣ್ಣಗಾರಿಕೆ ಘಟಕಗಳನ್ನೆಲ್ಲ ಮುಚ್ಚಿಸಿ, ಹನಿ ತ್ಯಾಜ್ಯವನ್ನೂ ಹೊರಗೆ ಬಿಡದ ವ್ಯವಸ್ಥೆ ಬಂದ ಮೇಲೆಯೇ ತೆರೆಯಬೇಕೆಂದಿತ್ತು. ಮನೆಯ ಕೆಲಸಕ್ಕೆ ಅಂಥ ಯಂತ್ರ ಬೇಡ. ಬ್ರಷ್ಷನ್ನು ಮೊದಲು ಹಳೆ ಕಾಗದಕ್ಕೆ ಒರೆಸಿ, ಬಕೆಟ್ಟಿನಲ್ಲಿ ತೊಳೆದು, ನೀರು ಆರಿದ ಮೇಲೆ ತಳದ ಗಸಿಯನ್ನು ಕಸದ ಗಾಡಿಗೆ ಕೊಟ್ಟರೆ ಆಯಿತು.

ಬಟ್ಟೆಯ ಚೂರುಗಳ ಬಗ್ಗೆ ಒಂದು ಮಾತು. ಮೇಣದ ಬದಲು ಅಗಸೆ ಎಣ್ಣೆ ಹಚ್ಚುವವರಿದ್ದರೆ, ಎಣ್ಣೆ ಕುಡಿದ ಬನಿಯನ್ ಚೂರನ್ನು ಉಂಡೆ ಮಾಡಿ ಮೂಲೆಗೆ ಎಸೆಯಬೇಡಿ. ಒಣಗುವಾಗ ಅಗಸೆ ಎಣ್ಣೆ ಬಿಸಿಯಾಗುತ್ತದೆ. ಉಂಡೆಯೊಳಗೆ ಆ ಬಿಸಿ ಕೂಡಿಕೊಂಡು, ಕಡ್ಡಿ ಗೀರದೆಯೇ ಬೆಂಕಿ ಹತ್ತಿದ ಉದಾಹರಣೆಗಳಿವೆ. ಚೂರುಗಳನ್ನು ಬಯಲಲ್ಲಿ ಒಂದೊಂದಾಗಿ ಹರವಿ ಒಣಗಿಸಿ, ಇಲ್ಲವೇ ನೀರು ತುಂಬಿದ ಡಬ್ಬಿಯಲ್ಲಿ ಮುಳುಗಿಸಿ ಮುಚ್ಚಳ ಹಾಕಿ, ಆಮೇಲೆ ಮಲಗಲು ಹೋಗಿ.